ಡಿಕ್ಕಿಯಲ್ಲಿ ಬಂದ ರೆಕ್ಕೆ

1973ರಲ್ಲಿ ಜರ್ಮನಿಯಲ್ಲಿ ಬಿಎಂಡಬ್ಲ್ಯು 3.0 ಸಿಎಸ್‌ಎಲ್‌ನ ಹೊಸ ಆವೃತ್ತಿ ಕೊಂಡವರು ಡಿಕ್ಕಿ ತೆರೆದರೆ ಅದರೊಳಗೆ ದೊಡ್ಡದೊಂದು ರೆಕ್ಕೆ ಮಲಗಿರುತ್ತಿತ್ತು. ಕಾರಿನ ಹಿಂಬದಿಗೆ ಕೂರಿಸಬೇಕಾದ ರೆಕ್ಕೆ ಅದು. ಆದರೆ ಅಂಥ ರೆಕ್ಕೆ ಹೊತ್ತ ಕಾರು ರಸ್ತೆಗಿಳಿಯಲು ಅಲ್ಲಿನ ಕಾನೂನಿನ ಒಪ್ಪಿಗೆ ಇರಲಿಲ್ಲ. ರೇಸಿನ ನಿಯಮ ಹೇಳುತ್ತಿದ್ದುದು ಬೇರೆಯೇ. ಟ್ರ್ಯಾಕಿನಲ್ಲಿ ರೆಕ್ಕೆ ಬೇಕಿದ್ದರೆ ಅದು ಮಾರಾಟದ ಕಾರಿನ ಜೊತೆಗೂ ಹೋಗಿರಬೇಕು. ಎರಡರ ನಡುವೆ ಸಿಕ್ಕಿಕೊಂಡ ಕಂಪನಿ ರೆಕ್ಕೆಯನ್ನು ಮಾರಿತು, ತೊಡಿಸಲಿಲ್ಲ. ಮುಂದಿನದು ಮಾಲೀಕನ ಪಾಡು.

ರೆಕ್ಕೆ ಬರೀ ಶೋಕಿಯದಾಗಿರಲಿಲ್ಲ. ವೇಗ ಏರಿದಂತೆ ಕಾರಿನ ಮೇಲೆ ಹರಿಯುವ ಗಾಳಿ ಅದರ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತದೆ, ಟೈರಿನ ಹಿಡಿತ ಸಡಿಲವಾಗುತ್ತದೆ. ಮುಂದಿನ ಫೆಂಡರುಗಳ ಮೇಲೆ ಕಪ್ಪು ರಬ್ಬರಿನ ಉದ್ದ ಪಟ್ಟಿ, ಛಾವಣಿಯ ಹಿಂತುದಿಗೊಂದು ಸಣ್ಣ ಕಮಾನು, ಹಿಂದೆ ಈ ರೆಕ್ಕೆ ಸೇರಿದ ಮೇಲೆ ಕಾರು ನೆಲ ಕಚ್ಚಿ ಓಡಿತು. ಆ ವರ್ಷದ ಯುರೋಪಿಯನ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ಅದಕ್ಕೇ ಸಿಕ್ಕಿತು. 1975ರಿಂದ 1979ರವರೆಗೆ ಪ್ರತಿವರ್ಷವೂ ಸಿಕ್ಕಿತು. ಜನ ಅದಕ್ಕೆ 'ಬ್ಯಾಟ್‌ಮೊಬೈಲ್' ಎಂದು ಹೆಸರಿಟ್ಟರು.

ಹೀಗೆ ಕಾರಿನ ಹೊರಮೈಗೆ ತೊಡಿಸುವ ಭಾಗಗಳ ಜೋಡಿಯೇ ಬಾಡಿ ಕಿಟ್. ಅದು ಪಡ್ಡೆ ಹುಡುಗರ ಹುಚ್ಚು ಎನ್ನುವವರೇ ಹೆಚ್ಚು. ಹುಚ್ಚು ಇದೆ ನಿಜ. ಆದರೆ ಅದರ ಆಕಾರ ತಿದ್ದಿದ್ದು ಹುಡುಗರಿಗಿಂತ ಹೆಚ್ಚಾಗಿ ನಿಯಮದ ಪುಸ್ತಕ. ಇದನ್ನು ಜಪಾನಿನಷ್ಟು ಸ್ಪಷ್ಟವಾಗಿ ತೋರಿಸುವ ದೇಶ ಇನ್ನೊಂದಿಲ್ಲ.

1971ರಲ್ಲಿ ನಿಸ್ಸಾನ್ ಕಂಪನಿ ಜಪಾನಿನ ಮಾರುಕಟ್ಟೆಗೆಂದೇ ಫೇರ್‌ಲೇಡಿ 240ಝಡ್‌ಜಿ ಎಂಬ ಕಾರು ತಂದಿತು. ಉಳಿದ ಝಡ್ ಕಾರುಗಳಿಗಿಂತ ಇದರ ಮೂಗು ಸುಮಾರು 19 ಸೆಂ.ಮೀ. ಉದ್ದ. ನಾಲ್ಕೂ ಚಕ್ರಗಳ ಮೇಲೆ ಪ್ರತ್ಯೇಕವಾಗಿ ಜೋಡಿಸಿದ ಓವರ್‌ಫೆಂಡರ್. ರೇಸಿಗೆ ಅಗಲ ಟೈರು ಬೇಕು, ಅಗಲ ಟೈರಿಗೆ ಅಗಲ ಫೆಂಡರ್ ಬೇಕು, ಆ ಫೆಂಡರನ್ನು ರೇಸಿನವರು ಒಪ್ಪಬೇಕಾದರೆ ಅಂಗಡಿಯ ಕಾರಿನಲ್ಲೂ ಅದು ಇರಬೇಕು. ಮರುವರ್ಷ ಟೊಯೋಟಾದ ಪುಟ್ಟ ಕೊರೊಲ್ಲಾ ಲೆವಿನ್ ಕೂಡ ಅಂಥದೇ ಫೆಂಡರ್ ತೊಟ್ಟು ಬಂತು. ಮನೆಮಂದಿ ಓಡಾಡುವ ಕೊರೊಲ್ಲಾ ವಂಶದ ಕಾರಿಗೆ ಈ ವೇಷ!

ಈ ಫೆಂಡರುಗಳ ತಿರುಪುಗಳು ಹೊರಗೇ ಕಾಣುತ್ತಿದ್ದವು. ಅದಕ್ಕೆ ಕಾರಣ ಲೆಕ್ಕಾಚಾರ. ಉಕ್ಕಿನ ಹಾಳೆಗೆ ಹೊಸ ಆಕಾರ ಕೊಡಬೇಕಾದರೆ ಭಾರಿ ಅಚ್ಚು, ಭಾರಿ ಪ್ರೆಸ್ಸು ಬೇಕು. ಸಾವಿರಗಟ್ಟಲೆ ಕಾರು ಮಾರದ ಹೊರತು ಆ ಹಣ ಹುಟ್ಟುವುದಿಲ್ಲ. ಫೈಬರ್‌ಗ್ಲಾಸಿಗೆ ಅದ್ಯಾವುದೂ ಬೇಡ. ಮೊದಲು ಮರ, ಜೇಡಿ ಅಥವಾ ಫೋಮಿನಲ್ಲಿ ಮಾದರಿ ಕೆತ್ತಿ ಅದರಿಂದ ಅಚ್ಚು ತೆಗೆಯುತ್ತಾರೆ. ಅಚ್ಚಿಗೆ ಮೇಣ ಸವರಿ, ಜೆಲ್‌ಕೋಟ್ ಬಳಿದು, ಗಾಜಿನ ನಾರಿನ ಚಾಪೆ ಹಾಸಿ ರೆಸಿನ್ ಕುಡಿಸಿದರೆ ಕೆಲ ಗಂಟೆಗಳಲ್ಲಿ ಗಟ್ಟಿ ಚಿಪ್ಪು ಸಿದ್ಧ. ಚಿಪ್ಪನ್ನು ಉಕ್ಕಿಗೆ ಬೆಸುಗೆ ಹಾಕಲಾಗದು. ಹಾಗಾಗಿ ತಿರುಪೋ ರಿವೆಟ್ಟೋ ಗತಿ. ರೇಸಿನಲ್ಲಿ ಅದೊಂದು ಅನುಕೂಲವೂ ಆಯಿತು. ಪಕ್ಕದ ಕಾರು ಉಜ್ಜಿ ಫೆಂಡರ್ ಒಡೆದರೆ ಬಿಚ್ಚಿ ಬೇರೆಯದು ಹಾಕುವುದು ಸಲೀಸು.

ರಸ್ತೆಯ ಕಾರು ಹೀಗೆ ಓವರ್‌ಫೆಂಡರ್ ತೊಡುವುದು ಜಪಾನಿನ ಅಧಿಕಾರಿಗಳಿಗೆ ಹಿಡಿಸಲಿಲ್ಲ. 1974ರಲ್ಲಿ ಬಂದ ಮುಂದಿನ ಲೆವಿನ್‌ನಲ್ಲಿ ಓವರ್‌ಫೆಂಡರ್ ಇರಲಿಲ್ಲ. ಕಂಪನಿ ಕೈಬಿಟ್ಟದ್ದನ್ನು ಮಾಲೀಕರು ಕೈಗೆತ್ತಿಕೊಂಡರು. ಫುಜಿ ಸ್ಪೀಡ್‌ವೇಯಲ್ಲಿ 1971ರಿಂದ ಗ್ರ್ಯಾಂಡ್ ಚಾಂಪಿಯನ್ ರೇಸುಗಳು ನಡೆಯುತ್ತಿದ್ದವು. ರೇಸು ನೋಡಲು ಬರುವ ಹುಡುಗರ ಕಾರುಗಳೇ ಇನ್ನೊಂದು ಪ್ರದರ್ಶನ. ಅಲ್ಲೇ 1979ರಿಂದ 'ಸೂಪರ್ ಸಿಲುಯೆಟ್' ಎಂಬ ರೇಸು ಶುರುವಾಯಿತು. ಕಾರಿನ ಮೂಲ ಛಾಯೆ ಉಳಿದರಾಯಿತು, ಸುತ್ತ ಏನು ಬೇಕಾದರೂ ಅಂಟಿಸಬಹುದು ಎಂಬಷ್ಟು ಸಡಿಲ ನಿಯಮ. 1982ರಲ್ಲಿ ನಿಸ್ಸಾನ್ ಅದಕ್ಕೆ ಸ್ಕೈಲೈನ್, ಸಿಲ್ವಿಯಾ, ಬ್ಲೂಬರ್ಡ್‌ಗಳನ್ನು ಇಳಿಸಿತು. ಪೆಟ್ಟಿಗೆಯಂಥ ಫೆಂಡರು, ನೆಲ ಗುಡಿಸುವಂತೆ ಚಾಚಿದ ಮುಂಭಾಗ. ಮಸಾಹಿರೊ ಹಸೆಮಿ ಓಡಿಸಿದ ಕೆಂಪು-ಕಪ್ಪು ಸ್ಕೈಲೈನ್ ಅಂದಿನ ಹುಡುಗರ ಕಣ್ಣಲ್ಲಿ ಅಚ್ಚೊತ್ತಿ ನಿಂತಿತು. ಬೀದಿಯವರು ಟ್ರ್ಯಾಕಿನದನ್ನು ನಕಲು ಮಾಡಿ ಸುಮ್ಮನಾಗಲಿಲ್ಲ, ಅದನ್ನೂ ಮೀರಿಸಿದರು. ಮುಂದಿನ ತುಟಿ ಗಜದುದ್ದ ಚಾಚಿತು, ಸೈಲೆನ್ಸರ್ ಪೈಪು ಬಿದಿರಿನ ಈಟಿಯಂತೆ ಆಕಾಶ ನೋಡಿತು. ಗಾಳಿಯ ಶಾಸ್ತ್ರಕ್ಕೂ ಇದಕ್ಕೂ ಆಗ ಯಾವ ಸಂಬಂಧವೂ ಉಳಿದಿರಲಿಲ್ಲ. ಕಂಡವರು ಬೆಚ್ಚಬೇಕು, ಅಷ್ಟೇ.

ಈ ಹುಚ್ಚಿಗೆ ಮಾರುಕಟ್ಟೆಯ ಮರ್ಯಾದೆ ಸಿಕ್ಕಿದ್ದು ನಿಧಾನಕ್ಕೆ. ಇಂದು ಟೋಕಿಯೊ ಆಟೋ ಸಲೂನ್ ಎನಿಸಿಕೊಂಡಿರುವ ಮೇಳ 1983ರಲ್ಲಿ 'ಟೋಕಿಯೊ ಎಕ್ಸೈಟಿಂಗ್ ಕಾರ್ ಶೋ' ಎಂಬ ಹೆಸರಿನಲ್ಲಿ ಆರಂಭವಾಯಿತು. 1995ರಲ್ಲಿ ಸರ್ಕಾರ ನಿಯಮ ಸಡಿಲಿಸಿ, ಸ್ಪಾಯ್ಲರಿನಂಥ ಗೊತ್ತುಪಡಿಸಿದ ಭಾಗಗಳಿಗೆ ಪ್ರತ್ಯೇಕ ಅನುಮತಿಯ ತಾಪತ್ರಯ ತಪ್ಪಿಸಿತು. ಫೆಂಡರ್ ಅಗಲಿಸಿ ಕಾರು 2 ಸೆಂ.ಮೀ.ಗಿಂತ ಹೆಚ್ಚು ಹಿಗ್ಗಿದರೆ ಮಾತ್ರ ಈಗಲೂ ದಾಖಲೆ ತಿದ್ದಿಸಲೇಬೇಕು.

ಕಿಟ್ ತಯಾರಿಸಿ ಮುಂದೆ ಹೆಸರಾದ ಮೂವರದು ಮೂರು ದಾರಿ. ನಗೋಯಾ ಕಡೆಯ ವತಾರು ಕಾಟೊ ತಮ್ಮ 'ಲಿಬರ್ಟಿ ವಾಕ್' ಕಿಟ್ಟುಗಳಿಗಾಗಿ ಫೆರಾರಿ, ಲ್ಯಾಂಬೊರ್ಗಿನಿಗಳ ಫೆಂಡರಿಗೇ ಗರಗಸ ಇಟ್ಟರು. ಕೋಟಿ ಬೆಲೆಯ ಕಾರಿಗೆ ಬೀದಿ ಹುಡುಗರ ಓವರ್‌ಫೆಂಡರ್ ತೊಡಿಸುವ ಈ ಧೈರ್ಯ ಕಂಡು ಸಿಟ್ಟಾದವರೂ ಇದ್ದಾರೆ, ಸಾಲು ನಿಂತು ಕೊಂಡವರೂ ಇದ್ದಾರೆ. ಕ್ಯೋಟೊದ ಕೆಯ್ ಮಿಯುರಾ ಕಾರನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಗೆರೆ ಎಳೆದು, ಯಂತ್ರದಿಂದ ಮಾದರಿ ಕೊರೆಸುತ್ತಾರೆ. 'ರಾಕೆಟ್ ಬನ್ನಿ' ಎಂಬ ಅವರ ಕಿಟ್ ಟೊಯೋಟಾ 86 ಕಾರಿನ ಬೆನ್ನೇರಿ ದೇಶದಾಚೆ ಹೋಯಿತು. ಚೀಬಾ ಪ್ರಾಂತದ ಅಕಿರಾ ನಕಾಯ್ ಇಬ್ಬರಿಗೂ ವಿರುದ್ಧ. ಪೋರ್ಷೆ ಬಿಟ್ಟು ಬೇರೆ ಕಾರಿಗೆ ಅವರ ಹೆಸರು ಅಂಟಿಕೊಂಡಿಲ್ಲ. ಗಿರಾಕಿ ಯಾವ ದೇಶದಲ್ಲಿದ್ದರೂ ತಾವೇ ಹೋಗಿ, ಕಣ್ಣಳತೆಯಲ್ಲೇ ಗುರುತು ಹಾಕಿ ಫೆಂಡರ್ ಕತ್ತರಿಸುತ್ತಾರೆ. ಕೆಲಸ ಮುಗಿದ ಕಾರಿಗೊಂದು ಹೆಸರನ್ನೂ ಇಡುತ್ತಾರೆ.

ಮೂವರಲ್ಲೂ ಸಮಾನವಾದದ್ದು ತಿರುಪು. 1971ರಲ್ಲಿ ಬೇರೆ ದಾರಿಯಿಲ್ಲದೆ ಹೊರಗುಳಿದ ತಿರುಪಿನ ತಲೆಗಳನ್ನು ಈಗ ಬೇಕೆಂದೇ ತೋರಿಸುತ್ತಾರೆ. ಪುಟ್ಟಿ ಮೆತ್ತಿ ಮುಚ್ಚಿದರೆ ಗಿರಾಕಿಗೆ ಬೇಸರ.

ಜೋಡಣೆಯಲ್ಲಿ ಕತ್ತರಿಸುವ ಘಳಿಗೆಗಿಂತ ನಂತರದ್ದು ಮುಖ್ಯ. ಹೊರ ತಗಡು ತೆಗೆದಾಗ ಒಳ ತಗಡು ಬೇರ್ಪಟ್ಟು ಬಾಯಿ ಬಿಡುತ್ತದೆ. ಅದನ್ನು ಮಡಿಚಿ, ಬೆಸೆದು, ಸೀಲೆಂಟ್ ತುಂಬಿ, ಬಣ್ಣ ಹೊಡೆಯದಿದ್ದರೆ ಚಕ್ರ ಎರಚುವ ನೀರು ಒಳಗೆ ಇಳಿದು ತುಕ್ಕು ಹಿಡಿಯುತ್ತದೆ. ಮೇಲೆ ಫೈಬರ್ ಮಿರುಗುತ್ತಿರುವುದರಿಂದ ಮಾಲೀಕನಿಗೆ ಗೊತ್ತಾಗುವುದು ತಡವಾಗಿ. ಅನುಭವಸ್ಥರು ಚಕ್ರ, ಟೈರು, ಸಸ್ಪೆನ್ಷನ್ ಎತ್ತರ ಮೊದಲು ನಿಶ್ಚಯಿಸಿ ಆಮೇಲೆ ಕಿಟ್ ಆರಿಸುತ್ತಾರೆ. ಅಗಲ ಫೆಂಡರಿನೊಳಗೆ ಕಂಪನಿಯ ಸಣ್ಣ ಚಕ್ರ ಒಳಗೊಳಗೇ ಕುಳಿತರೆ ಅಷ್ಟೂ ಖರ್ಚು ನಗೆಪಾಟಲು. ಬಣ್ಣಕ್ಕೆ ಮೊದಲು ಎಲ್ಲ ಭಾಗಗಳನ್ನೂ ಒಮ್ಮೆ ಕಾರಿಗೆ ಹಿಡಿದು ನೋಡುವುದು ಕಡ್ಡಾಯ. ಕೈಯಲ್ಲಿ ಮಾಡಿದ ಫೈಬರ್ ಭಾಗಗಳಲ್ಲಿ ಅಂಚು ಉಜ್ಜದೆ, ತೂತು ಸರಿಸದೆ ಕೂರುವಂಥವು ಅಪರೂಪ.

ಭಾರತದಲ್ಲಿ ಈ ಕಥೆ ಕತ್ತರಿಸುವ ಮಾತಿನ ಮುಂದೆಯೇ ನಿಲ್ಲುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನೀಡಿದ ವಿವರಗಳಿಗೂ ಆರ್‌ಸಿಯಲ್ಲಿನ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದಕ್ಕೂ ಮುಂಚೆ, 2017ರ ಡಿಸೆಂಬರಿನಲ್ಲಿ, ಬಂಪರಿನ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿಕೊಂಡವರ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ಬರೆದಿತ್ತು.

ಹೀಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೆಚ್ಚು ಓಡುವುದು ಕತ್ತರಿ ಬೇಡದ ಮಾಲು: ಡಿಕ್ಕಿಯ ಮೇಲೆ ಅಂಟಿಸುವ ಸ್ಪಾಯ್ಲರ್, ಸೈಡ್ ಸ್ಕರ್ಟ್, ಬಂಪರಿನ ತುಟಿ. ಷೋರೂಮಿನ ಆಕ್ಸೆಸರಿ ಪಟ್ಟಿಯಲ್ಲೂ ಇವು ಸಿಗುತ್ತವೆ. ಇಲ್ಲಿ ಆಯ್ಕೆ ನಿರ್ಧರಿಸುವುದು ಅಂದಕ್ಕಿಂತ ಹಂಪ್ಸು. ಫೈಬರಿನ ತುಟಿ ಹಂಪಿಗೆ ತಗುಲಿದರೆ ಸೀಳು ಬಿಡುತ್ತದೆ, ಬಾಗುವ ಗುಣವುಳ್ಳ ಪಾಲಿಯುರೆಥೇನಿನದು ಗೀರು ಬಿದ್ದರೂ ಉಳಿದುಕೊಳ್ಳುತ್ತದೆ.