ಸಾಲಿಟಾನ್: ಒಂಟಿ ಅಲೆಗೆ ಸಿಕ್ಕ ಜೊತೆ

1834ರ ಆಗಸ್ಟ್. ಎಡಿನ್‌ಬರೊ ಬಳಿಯ ಯೂನಿಯನ್ ಕಾಲುವೆಯಲ್ಲಿ ಕುದುರೆಗಳು ಎಳೆಯುತ್ತಿದ್ದ ದೋಣಿ ಥಟ್ಟನೆ ನಿಂತಿತು. ಅದರ ಮುಂದೆ ಉಬ್ಬಿದ್ದ ನೀರು ಮಾತ್ರ ನಿಲ್ಲಲಿಲ್ಲ. ದುಂಡನೆಯ ದಿಬ್ಬವಾಗಿ, ಆಕಾರ ಕೆಡದೆ ಸಾಗಿತು. ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್ ಕುದುರೆಯ ಮೇಲೆ ಒಂದೆರಡು ಮೈಲಿ ಅದರ ಬೆನ್ನು ಹತ್ತಿದರು.

ಇಂಥ 'ಸಾಲಿಟರಿ', ಅಂದರೆ ಒಂಟಿ, ಅಲೆಗೆ 1965ರಲ್ಲಿ ಅಮೆರಿಕದ ನಾರ್ಮನ್ ಝಬುಸ್ಕಿ ಮತ್ತು ಮಾರ್ಟಿನ್ ಕ್ರಸ್ಕಲ್ 'ಸಾಲಿಟಾನ್' ಎಂದು ಹೆಸರಿಟ್ಟರು. ಕೊನೆಯ 'ಆನ್' ಎಲೆಕ್ಟ್ರಾನ್, ಪ್ರೋಟಾನ್‌ಗಳಲ್ಲಿ ಇರುವುದೇ. ಅದು ಸುಮ್ಮನೆ ಅಂಟಿಸಿದ್ದಲ್ಲ: ಎರಡು ಸಾಲಿಟಾನ್‌ಗಳು ಡಿಕ್ಕಿಯಾದರೂ ಕಣಗಳ ಹಾಗೆ ತಮ್ಮ ರೂಪ ಉಳಿಸಿಕೊಂಡು ಹೊರಬರುತ್ತವೆ.

ಬೆಳಕಿಗೂ ಈ ಗುಣ ಬರುತ್ತದೆ. ಗಾಜಿನ ಎಳೆ ಬೆಳಕಿನ ಮಿಡಿತವನ್ನು ಚದುರಿಸಲು ನೋಡುತ್ತದೆ. ಆದರೆ ಮಿಡಿತದ ತೀವ್ರತೆಯೇ ಗಾಜಿನ ಗುಣವನ್ನು ತುಸು ಬದಲಿಸಿ ಆ ಮಿಡಿತವನ್ನು ಬಿಗಿಹಿಡಿಯುತ್ತದೆ. ಗಾಜಿನ ಎಳೆಯಲ್ಲಿ ಬೆಳಕನ್ನು ಮಿಡಿತಗಳಾಗಿ ಸುತ್ತಿಸುವ 'ಮೋಡ್-ಲಾಕ್ಡ್ ಫೈಬರ್ ಲೇಸರ್‌'ನಲ್ಲಿ ಇಂಥ ಎರಡು ಮಿಡಿತಗಳು ಕೆಲವೊಮ್ಮೆ ನಿಗದಿತ ಅಂತರ ಕಾಯ್ದುಕೊಂಡು, ಬೇರ್ಪಡದೆ ಸುತ್ತುತ್ತವೆ. ಒಂಟಿ ಎಂದೇ ಹೆಸರು ಪಡೆದದ್ದು ಜೊತೆಗೂಡುವ ಈ ಸಂಗತಿ ನನಗೆ ಬಲು ಇಷ್ಟ. ವಿಜ್ಞಾನಿಗಳು ಇಂಥ ಜೋಡಿಯನ್ನು 'ಸಾಲಿಟಾನ್ ಮಾಲಿಕ್ಯೂಲ್' ಎನ್ನುತ್ತಾರೆ. ಜೋಡಿಯ ಗುರುತು ಬೆಳಕಿನ ರೋಹಿತದಲ್ಲಿ ಬಾಚಣಿಗೆಯ ಹಲ್ಲುಗಳಂತೆ ಮೂಡುತ್ತದೆ. 1550 ನ್ಯಾನೊಮೀಟರ್ ಬೆಳಕಿನಲ್ಲಿ ಮಿಡಿತಗಳ ನಡುವೆ 10 ಪಿಕೊಸೆಕೆಂಡ್ ಅಂತರವಿದ್ದರೆ ಹಲ್ಲಿನಿಂದ ಹಲ್ಲಿಗೆ ಸುಮಾರು 0.8 ನ್ಯಾನೊಮೀಟರ್, ಮಿಡಿತಗಳು ಹತ್ತಿರವಾದಷ್ಟೂ ಹಲ್ಲುಗಳು ದೂರ.

ಕನ್ನಡದಲ್ಲಿ ಬರೆಯುವವರು ಈ ಜೋಡಿಯನ್ನು 'ಸಾಲಿಟಾನ್ ಅಣು' ಎನ್ನಲಿ, 'ಪರಮಾಣು' ಎನ್ನುವುದು ಬೇಡ. ಪರಮಾಣು ಒಂದೇ; ಅಣುವಿನಲ್ಲಿ ಕೂಡಿಕೆಯಿದೆ.