ಕಾರ್ಬನ್ ಮೌಂಟನ್ ಬೈಕ್: ಜೋಡಣೆ ಮತ್ತು ಹದ

ಏರಿಳಿತದ ಕಚ್ಚಾ ಹಾದಿಯಲ್ಲಿ ವೇಗವಾಗಿ ತುಳಿಯಲೆಂದು ರೂಪಿಸಿದ, ಎರಡೂ ಚಕ್ರಗಳಿಗೆ ಸಸ್ಪೆನ್ಷನ್ ಇರುವ ಹಗುರ ಸೈಕಲ್. ಇಂಥ ಹಾದಿಯ ಕ್ರಾಸ್ ಕಂಟ್ರಿ ಸೈಕಲ್ ಸ್ಪರ್ಧೆ 1996ರಲ್ಲಿ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ಸೇರಿತು. ಚೌಕಟ್ಟು ಎಪಾಕ್ಸಿ ರಾಳದಲ್ಲಿ ಗಟ್ಟಿಗೊಳಿಸಿದ ಇಂಗಾಲದ ಎಳೆಗಳದು. ಸಸ್ಪೆನ್ಷನ್ ಚಲನೆ ಸಾಮಾನ್ಯವಾಗಿ 100ರಿಂದ 120 ಮಿ.ಮೀ., ಚಕ್ರ 29 ಇಂಚು.

ಜೋಡಣೆಯಲ್ಲಿ ಕೈಯಂದಾಜು ನಡೆಯದು. ಮಿತಿಮೀರಿ ಬಿಗಿದರೆ ಕಾರ್ಬನ್ ಬಾಗುವುದಿಲ್ಲ, ಸೀಳುತ್ತದೆ. ಹ್ಯಾಂಡಲ್ ಹಿಡಿಯುವ ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಸಾಕು. ಟಾರ್ಕ್ ವ್ರೆಂಚ್ ಇಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಸೀಟ್ ಪೋಸ್ಟ್‌ಗೆ ಗ್ರೀಸ್ ಬದಲು ತರಿತರಿಯಾದ ಕಾರ್ಬನ್ ಪೇಸ್ಟ್ ಸವರುತ್ತಾರೆ.

ಹದದ ಮೊದಲ ಹೆಜ್ಜೆ ಸ್ಯಾಗ್, ಅಂದರೆ ಸವಾರನ ಭಾರಕ್ಕೆ ಸಸ್ಪೆನ್ಷನ್ ಕುಸಿಯುವ ಪ್ರಮಾಣ. ಸವಾರ ಪೂರ್ತಿ ಸಜ್ಜಾಗಿ, ನೀರಿನ ಬಾಟಲಿ ಸಮೇತ ಕುಳಿತಾಗ ಹಿಂದಿನ ಶಾಕ್‌ನ ರಬ್ಬರ್ ಉಂಗುರ ಆ ಶಾಕ್‌ನ ಒಟ್ಟು ಚಲನೆಯ 20–25% ಸರಿಯಬೇಕು. ಹೆಚ್ಚು ಸರಿದರೆ ಗಾಳಿ ತುಂಬಬೇಕು, ಕಡಿಮೆಯಾದರೆ ಇಳಿಸಬೇಕು. ರಿಬೌಂಡ್, ಅಂದರೆ ಕುಸಿದ ಶಾಕ್ ಮರಳಿ ಚಾಚುವ ವೇಗ, ಸರಿಪಡಿಸುವುದು ಆಮೇಲೆ.

ಟೈರ್ ಆರಿಸುವಾಗ ನೆಲ ನೋಡಬೇಕು. ಮಳವಳ್ಳಿ ತಾಲ್ಲೂಕಿನ ಹಲಗೂರಿನಿಂದ ಮುತ್ತತ್ತಿಯತ್ತ ಸಾಗಿದರೆ ಕಲ್ಲು, ಮುಳ್ಳಿನ ಕುರುಚಲು ಕಾಡು. ಇಂಥ ನೆಲಕ್ಕೆ ಸೀಲೆಂಟ್ ತುಂಬಿದ ಟ್ಯೂಬ್‌ಲೆಸ್ ಟೈರೇ ಸರಿ. ಬೇಸಿಗೆಯಲ್ಲಿ ಸೀಲೆಂಟ್ ಬೇಗ ಒಣಗುತ್ತದೆ. ಮುತ್ತತ್ತಿ ಸುತ್ತಣ ಕಾಡು ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿನ ಕಾಡುದಾರಿಗೆ ಸೈಕಲ್ ಇಳಿಸುವಂತಿಲ್ಲ.