ಹಿಟ್ಟಿನ ಕೋಳಿಯಿಂದ ಮೀಲ್ ಮೇಕರ್‌ವರೆಗೆ

ಮೀಲ್ ಮೇಕರ್ ಹಾಕಿ ಮಟನ್ ಸಾರು ಮಾಡೋದು ಹೆಂಗೆ, ಎಳೆ ಹಲಸಿನಕಾಯಿ ಹಾಕಿ ಬಿರಿಯಾನಿ ಮಾಡೋದು ಹೆಂಗೆ ಅಂತ ಯೂಟ್ಯೂಬ್ ತುಂಬ ವಿಡಿಯೋಗಳು. "ಬಾಯಿಗಿಟ್ರೆ ಮಟನ್ ಅಂತಾನೇ ಅನ್ಸುತ್ತೆ" ಅನ್ನೋದು ಅಲ್ಲಿ ದೊಡ್ಡ ಹೊಗಳಿಕೆ. ಅಂದ್ರೆ ರುಚಿಗೆ ಅಳತೆಗೋಲು ಮಟನ್ನೇ! ಆದ್ರೆ ಅದೇ ಮಟನ್ ಬೇಯಿಸೋ ನಮ್ಮ ಹುಡುಗರು ಹೊಸಪೇಟೆಯಲ್ಲಿ ಬಾಡಿಗೆ ಮನೆ ಕೇಳಿದ್ರೆ ಮೊದಲನೇ ಪ್ರಶ್ನೆ, "ನೀವು ನಾನ್‌ವೆಜ್ಜಾ?" ಅದು ಊಟದ ಪ್ರಶ್ನೆ ಅಲ್ಲ, ಜಾತಿ ಕೇಳೋ ಹೊಸ ದಾರಿ ಅಂತ ನಮಗೆಲ್ಲ ಗೊತ್ತು.

ಮಾಂಸ ಬೇಡ, ಮಾಂಸದ ರೂಪ, ರುಚಿ, ಹೆಸರು ಮಾತ್ರ ಬೇಕು. ಈ ಆಟ ಹೊಸದಲ್ಲ ಗೆಳೆಯರೇ. ಕನ್ನಡದಲ್ಲೇ ಇದಕ್ಕೆ 800 ವರ್ಷಗಳ ದಾಖಲೆ ಐತೆ.

1209ರಲ್ಲಿ ಜನ್ನ ಬರೆದ 'ಯಶೋಧರ ಚರಿತೆ' ನೆನಪು ಮಾಡ್ಕೊಳ್ಳಿ. ಕೆಟ್ಟ ಕನಸಿನ ದೋಷ ಕಳೀಬೇಕು, ದೇವಿಗೆ ಬಲಿ ಕೊಡು ಅಂತ ತಾಯಿ ಚಂದ್ರಮತಿ ಹಟ ಹಿಡೀತಾಳೆ. ಜೀವ ತೆಗೆಯೋಕೆ ಮಗ ಯಶೋಧರನಿಗೆ ಮನಸ್ಸಿಲ್ಲ. ಕೊನೆಗೆ ರಾಜಿ ಆಗಿದ್ದು ಹಿಟ್ಟಿನ ಕೋಳಿಗೆ. ಆದ್ರೆ ಹಿಟ್ಟಿನದಾದ್ರೂ ತಾಯಿ-ಮಗನಿಗೆ ಪಾಪ ತಪ್ಪಲಿಲ್ಲ, ಪ್ರಾಣಿಗಳಾಗಿ ಜನ್ಮದ ಮೇಲೆ ಜನ್ಮ ಎತ್ತಬೇಕಾಯ್ತು. ಜೈನರ ಲೆಕ್ಕ ಸೀದಾ: ಕತ್ತಿ ಕೆಳಗೆ ಏನಿತ್ತು ಅನ್ನೋದಲ್ಲ, ಮನಸ್ಸಲ್ಲಿ ಏನಿತ್ತು ಅನ್ನೋದು ಮುಖ್ಯ. ಇದಕ್ಕೆ ಸಂಕಲ್ಪ ಹಿಂಸೆ ಅಂತಾರೆ. ಈ ಮಾತು ನೆನಪಲ್ಲಿಟ್ಕೊಳ್ಳಿ. ಮಾಧ್ವ ಸಂಪ್ರದಾಯದಲ್ಲೂ ಯಜ್ಞಕ್ಕೆ ನಿಜವಾದ ಪಶುವಿನ ಬದಲು ಪಿಷ್ಟಪಶು, ಅಂದ್ರೆ ಹಿಟ್ಟಿನ ಪಶು ಬಂತು.

ಈಗ ನಮ್ಮೂರ ಕಡೆ ಬರೋಣ. ನಾನು ಬುಕ್ಕಸಾಗರದಿಂದ ಬರೀತಿದ್ದೀನಿ, ಹಂಪಿ ನಮಗೆ ಪಕ್ಕದಲ್ಲೇ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕಂಡಿದ್ದು ಬೀದಿ ಬೀದಿಯಲ್ಲೂ ಕುರಿ ಮಾಂಸ ಮಾರೋರನ್ನ. ಮಹಾನವಮಿಯ ಕೊನೇ ದಿನ 250 ಕೋಣ, 4,500 ಕುರಿ ಬಲಿ ಅಂತ ಲೆಕ್ಕ ಬರೆದಿದ್ದಾನೆ. ಅವನ ನಂತರ ಬಂದ ನೂನಿಜ್ ಹೇಳೋ ಪ್ರಕಾರ ವಿಜಯನಗರದ ರಾಜರು ದನ-ಎತ್ತಿನ ಮಾಂಸ ಬಿಟ್ಟು ಉಳಿದಿದ್ದೆಲ್ಲ ತಿಂತಿದ್ರು. ಕುರಿ, ಹಂದಿ, ಜಿಂಕೆ, ಮೊಲ, ಕೊನೆಗೆ ಇಲಿ ಕೂಡ. ಇದನ್ನೆಲ್ಲ ರಾಬರ್ಟ್ ಸೀವೆಲ್ 1900ರಲ್ಲೇ ಇಂಗ್ಲಿಷಿನಲ್ಲಿ ಪ್ರಕಟಿಸಿದ್ದಾನೆ. ಇವತ್ತು 'ಹಿಂದೂ ಸಾಮ್ರಾಜ್ಯ' ಅಂತ ಹಂಪಿ ಕಲ್ಲುಗಳ ಮುಂದೆ ಭಾಷಣ ಮಾಡೋರು ಆ ಪುಟ ಮಾತ್ರ ತೆರೆಯಲ್ಲ. ಮಾಂಸಾಹಾರ ಈ ನೆಲದಲ್ಲಿ ಕೇರಿಯ ಊಟ ಅಷ್ಟೇ ಆಗಿರಲಿಲ್ಲ, ಅರಮನೆ ಊಟಾನೂ ಆಗಿತ್ತು. ಅರಮನೆಯವರು ತಿಂದ್ರೆ ಭೋಗ, ನಾವು ತಿಂದ್ರೆ ಮೈಲಿಗೆ!

1959ರಲ್ಲಿ ಪ್ರಾಣಿಬಲಿ ನಿಷೇಧ ಕಾಯ್ದೆ ಬಂತು. ಆಯುಧ ಪೂಜೆ ದಿನ ಲಾರಿ ಮುಂದೆ ಕುಂಕುಮ ತುಂಬಿ ಬೂದುಗುಂಬಳ ಒಡೀತಾರಲ್ಲ, ಅದೂ ಹಿಟ್ಟಿನ ಕೋಳಿಯ ತಮ್ಮನೇ. ರಕ್ತ ಇಲ್ಲ, ರಕ್ತದ ಬಣ್ಣ ಐತೆ.

ಇನ್ನು ಮೀಲ್ ಮೇಕರ್ ಕಥೆ. ಸೋಯಾಬೀನನ್ನ ನಮ್ಮ ದೇಶದಲ್ಲಿ ದೊಡ್ಡ ಮಟ್ಟದಲ್ಲಿ ಬೆಳೆಸೋ ಕೆಲಸ ಶುರುವಾಗಿದ್ದು 1960ರ ದಶಕದಲ್ಲಿ, ಪಂತನಗರ ಮತ್ತು ಜಬಲ್‌ಪುರ ಕೃಷಿ ವಿಶ್ವವಿದ್ಯಾಲಯಗಳಿಂದ. ನಮ್ಮ ರಾಜ್ಯದಲ್ಲಿ ಬೀದರ್, ಬೆಳಗಾವಿ, ಧಾರವಾಡ ಕಡೆ ಬೆಳೀತಾರೆ. ಕಾಳಿಂದ ಎಣ್ಣೆ ತೆಗೆದ ಮೇಲೆ ಉಳಿಯೋದು ಹಿಂಡಿ. ಅದರ ಬಹುಪಾಲು ಕೋಳಿ, ದನಗಳ ಮೇವಿಗೆ ಹೋಗುತ್ತೆ. ಎಣ್ಣೆ ತೆಗೆದ ಅದೇ ಹಿಟ್ಟನ್ನ ನೀರು ಬೆರೆಸಿ, ಬಿಸಿ ಮತ್ತು ಒತ್ತಡದಲ್ಲಿ ಮಿಷನ್ನಿಂದ ಹೊರಗೆ ತಳ್ಳಿದ್ರೆ ನಾರುನಾರಾಗಿ ಉಬ್ಬುತ್ತೆ. ಅದೇ ಮೀಲ್ ಮೇಕರ್. ಅಮೆರಿಕದ ಎಡಿಎಂ ಕಂಪನಿ 1960ರ ದಶಕದಲ್ಲಿ ಈ ವಿಧಾನ ತಂತು. ಒಣಗಿದ್ದರಲ್ಲಿ ಸುಮಾರು ಅರ್ಧ ಪ್ರೋಟೀನೇ. ಒಳ್ಳೆ ಆಹಾರ, ಅದರ ಬಗ್ಗೆ ನನ್ನ ತಕರಾರಿಲ್ಲ.

ನಮ್ಮ ಕೇರಿಗೂ ಅದು ಬಂದು ಬಹಳ ವರ್ಷ ಆಯ್ತು. ಮಡಿಗಾಗಿ ಬರಲಿಲ್ಲ, ಮಟನ್ ರೇಟಿಗೆ ಬಂತು. ಬಾಳೆತೋಟಕ್ಕೆ ಕೂಲಿಗೆ ಹೋಗಿ ಬಂದ ಅವ್ವ ಬಿಸಿನೀರಿಗೆ ಉಪ್ಪು ಹಾಕಿ ನೆನೆಸ್ತಾಳೆ, ಹಿಂಡಿ ತೆಗೀತಾಳೆ. ಉಳ್ಳಾಗಡ್ಡಿ, ಒಣಕೊಬ್ಬರಿ ಸುಟ್ಟು, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ ಅರೆದು ಖಾರ ಹಾಕಿ ಕುದಿಸ್ತಾಳೆ. ಜೋಳದ ರೊಟ್ಟಿ ಮುರಿದು ಅದ್ದಿಕೊಂಡು ತಿಂತೀವಿ. ಆ ಕೈಗೆ ಈ ಕೆಲಸ ಹೊಸದಲ್ಲ. ನಮ್ಮ ಅಜ್ಜಿಯರು ಬಿಸಿಲಲ್ಲಿ ಒಣಗಿಸಿಟ್ಟ ಖಂಡವನ್ನ ಮಳೆಗಾಲಕ್ಕೆ ಹಿಂಗೇ ನೆನೆಸಿ, ಹಿಂಗೇ ಮಸಾಲೆ ಅರೆದು ಬೇಯಿಸ್ತಿದ್ರು. ಹೋಟೆಲಿನಲ್ಲಿ 'ವೆಜ್ ಖೀಮಾ' ಅಂತ ಬರೋದರೊಳಗೆ ಸೋಯಾ ಕಂಪನಿದು, ರುಚಿ ನಮ್ಮಂಥವರ ಒಲೆದು. ಕುರಿ ಕಾಯೋರು, ಬೇಟೆ ಆಡೋರು, ಮುಸ್ಲಿಂ ಭಟ್ಟರು, ಕೇರಿಯ ಹೆಂಗಸರು ಕಟ್ಟಿದ ರುಚಿ ಅದು.

ಇಲ್ಲಿ ಬಾಬಾಸಾಹೇಬರನ್ನ ನೆನೀಬೇಕು. 1927ರ ಮಹಾಡ್‌ನಲ್ಲಿ ಅವರು ಸತ್ತ ದನದ ಮಾಂಸ ಬಿಡಿ, ಎಂಜಲು-ತಂಗಳು ಬೇಡೋದು ಬಿಡಿ ಅಂದ್ರು. ಮುಂದೆ 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಗೋಮಾಂಸ ಹೆಂಗೆ ಅಸ್ಪೃಶ್ಯತೆಯ ಗೆರೆ ಆಯ್ತು ಅಂತ ಬಿಡಿಸಿಟ್ರು. ಎರಡೂ ಒಂದೇ ಮಾತು. ಇನ್ನೊಬ್ಬರು ಎಸೆದದ್ದು ನಮ್ಮ ಊಟ ಆಗಬಾರದು, ಇನ್ನೊಬ್ಬರ ಮಡಿಯೂ ನಮ್ಮ ಊಟ ತೀರ್ಮಾನ ಮಾಡಬಾರದು. ತಟ್ಟೆ ನಮ್ಮದು, ತೀರ್ಮಾನಾನೂ ನಮ್ಮದೇ.

ಈ ತೀರ್ಮಾನ ಕಸಿಯೋ ಕೆಲಸ ನಮ್ಮ ಮಕ್ಕಳ ತಟ್ಟೆಯಲ್ಲೇ ನಡೀತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾಯ್ತು. ತಿನ್ನದವರಿಗೆ ಬಾಳೆಹಣ್ಣು ಇತ್ತು. ಆದರೂ ಕೆಲವು ಮಠಾಧೀಶರು ಮೊಟ್ಟೆ ನಿಲ್ಲಿಸಿ, ಎಲ್ಲರಿಗೂ ಸಸ್ಯಾಹಾರವೇ ಕೊಡಿ ಅಂದ್ರು. ಬಾಳೆ ನಮ್ಮೂರ ಬೆಳೆ, ಅದನ್ನ ನಾವು ಹಳಿಯಲ್ಲ. ಆದ್ರೆ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಒಂದು ಬಾಳೆಹಣ್ಣಲ್ಲಿ 1 ಗ್ರಾಂ ಆಸುಪಾಸು. ಮೊಟ್ಟೆಯ ಬಿ12 ಬಾಳೆಯಲ್ಲಿ ಇಲ್ಲವೇ ಇಲ್ಲ. ರಾಜ್ಯದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳ್ತು. ಆಗ ಉತ್ತರ ಕೊಟ್ಟಿದ್ದು ಯಾರು? ನಮ್ಮ ಹೊಳೆ ಆಚೆ, ಗಂಗಾವತಿಯ ಶಾಲಾ ಹುಡುಗಿಯರು! ಮೊಟ್ಟೆ ನಿಲ್ಲಿಸಿದ್ರೆ ನಿಮ್ಮ ಮಠಕ್ಕೇ ಬಂದು ತಿಂತೀವಿ ಅಂತ ಕ್ಯಾಮೆರಾ ಮುಂದೆ ಹೇಳಿದ್ರು. ದೊಡ್ಡವರ ನೂರು ಭಾಷಣಕ್ಕಿಂತ ಅದು ದೊಡ್ಡ ಭಾಷಣ.

ಜನ್ನನ ಲೆಕ್ಕಕ್ಕೆ ವಾಪಸ್ ಬನ್ನಿ: ಮನಸ್ಸಲ್ಲಿ ಏನೈತೆ? ದುಡ್ಡು ಉಳಿಸೋಕೆ, ರುಚಿಗೆ, ಪ್ರಾಣಿ ಮೇಲಿನ ಪ್ರೀತಿಗೆ ಯಾರಾದ್ರೂ ಮೀಲ್ ಮೇಕರ್ ಬೇಯಿಸಿದ್ರೆ ಅದು ಊಟ. ಪಕ್ಕದ ಮನೆಯವರನ್ನ ಕೀಳು ಮಾಡೋಕೆ, ಹಸಿದ ಮಗುವಿನ ಮೊಟ್ಟೆ ಕಿತ್ಕೊಳ್ಳೋಕೆ ಅದನ್ನೇ 'ಶುದ್ಧ' ಅಂತ ಮುಂದಿಟ್ರೆ, ರಕ್ತ ಇಲ್ಲದಿದ್ರೂ ಅದು ಹಿಂಸೆ.

ಆದ್ದರಿಂದ ಗೆಳೆಯರೇ, ಮುಂದಿನ ಸಲ ನಿಮ್ಮೂರ ಶಾಲೆ ಎಸ್‌ಡಿಎಂಸಿ ಸಭೆಗೆ ತಪ್ಪದೆ ಹೋಗಿ. ಮೊಟ್ಟೆ ದಿನಾ ಬರ್ತಿದೆಯಾ, ಕೇಳಿದ ಪ್ರತಿ ಮಗುವಿಗೂ ಸಿಗ್ತಿದೆಯಾ, ತಿನ್ನೋ ಮಕ್ಕಳನ್ನ ಬೇರೆ ಸಾಲಲ್ಲಿ ಕೂರಿಸ್ತಿದ್ದಾರಾ ಅಂತ ಕೇಳಿ. ಉತ್ತರ ಕಾಮೆಂಟ್‌ನಲ್ಲಿ ಬರೀರಿ.

ಜೈ ಭೀಮ್.